ಅಪ್ಪನ ದನಿಯೂ ಮಗುವಿಗೆ ಪರಿಚಯವಾಗಲಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಖಾಸಗಿ ವಲಯದ ಕಾರ್ಮಿಕರಿಗೆ ಸಂಬಳಸಹಿತ ಪಿತೃತ್ವ ರಜೆ ಕೊಡುವ ಬಗ್ಗೆ.

ಮಾನ್ಯರೆ,

ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಆಪರೇಟರ್. ಹುಟ್ಟೂರು ಗದಗ ಜಿಲ್ಲೆಯ ಒಂದು ಹಳ್ಳಿ, ಹೆಂಡತಿಯ ತವರೂ ಅಲ್ಲೇ ಹತ್ತಿರ. ನಮಗೊಬ್ಬಳು ಮಗಳಿದ್ದಾಳೆ. ಹಾಡು ಕೇಳಿದರೆ ತಲೆಯಾಡಿಸುವ ವಯಸ್ಸು ಅವಳದು. ನಾನು ಸಂಗೀತವನ್ನು ಕ್ರಮವಾಗಿ ಕಲಿತವನಲ್ಲ, ಕೇಳಿ ಬೆಳೆದವನು. ಧಾರವಾಡ ಆಕಾಶವಾಣಿ, ಊರಿನ ಭಜನಾ ಮೇಳ, ಗದಗಿನ ಪುಣ್ಯಾಶ್ರಮದ ಪುಣ್ಯತಿಥಿಯ ಅಹೋರಾತ್ರಿ ಕಛೇರಿ, ಇವೇ ನನ್ನ ಪಾಠಶಾಲೆಗಳು. ಇಷ್ಟು ಹೇಳಿಕೊಂಡಿದ್ದು ಯಾಕೆಂದರೆ ಮುಂದೆ ನಾನು ಹೇಳುವ ಮಾತಿಗೂ ಹಾಡಿಗೂ ಸಂಬಂಧವಿದೆ.

ನನ್ನ ದೂರು ಚಿಕ್ಕದು. ಕರ್ನಾಟಕದಲ್ಲಿ ಖಾಸಗಿ ಕಂಪನಿಯಲ್ಲಿ ದುಡಿಯುವ ಗಂಡಸಿಗೆ ಮಗು ಹುಟ್ಟಿದರೆ, ಆ ಮಗುವಿನ ಹತ್ತಿರ ಇರಲು ಕಾನೂನು ಒಂದು ದಿನದ ರಜೆಯನ್ನೂ ಕೊಡುವುದಿಲ್ಲ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ತಾಯಂದಿರ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅದು ಬಹಳ ಒಳ್ಳೆಯ ಕೆಲಸ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ ಅಪ್ಪನಿಗೆಂದು ಎರಡರಲ್ಲೂ ರಜೆಯಿಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನದ ಪಿತೃತ್ವ ರಜೆ ಇದೆ. ನಮ್ಮ ರಾಜ್ಯ ಸರ್ಕಾರಿ ನೌಕರನಿಗೂ 15 ದಿನ ಇದೆ. ಕೆಲವು ದೊಡ್ಡ ಐಟಿ ಕಂಪನಿಗಳು ತಾವಾಗಿಯೇ ಕೊಡುತ್ತವೆ. ಅದೇ ಬೆಂಗಳೂರಿನಲ್ಲಿ ಲೇತ್ ಯಂತ್ರದ ಮುಂದೆ ನಿಂತವನಿಗೆ, ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಡುವವನಿಗೆ, ಗೋದಾಮಿನಲ್ಲಿ ಲೋಡ್ ಇಳಿಸುವವನಿಗೆ ಏನೂ ಇಲ್ಲ. ತಹಶೀಲ್ದಾರ್ ಕಚೇರಿಯ ಗುಮಾಸ್ತರ ಮಗುವಿಗೆ ಅಪ್ಪ ಬೇಕು ಎಂದು ಒಪ್ಪಿಕೊಂಡ ಸರ್ಕಾರ ನಮ್ಮ ಮಕ್ಕಳಿಗೆ ಬೇಡ ಎಂದು ಹೇಗೆ ತೀರ್ಮಾನಿಸಿತು?

ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಮೊಬೈಲನ್ನು ಗೇಟಿನ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಹೆಂಡತಿಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದಾಗ ನಾನು ಸೆಕೆಂಡ್ ಶಿಫ್ಟಿನಲ್ಲಿದ್ದೆ. ಶಿಫ್ಟ್ ಮುಗಿಸಿ ಹೊರಬಂದು ಮೊಬೈಲ್ ತೆಗೆದರೆ ಮಾವನವರ, ಮೈದುನನ, ನಮ್ಮ ಅವ್ವನ ಮಿಸ್ಡ್ ಕಾಲ್‌ಗಳು ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಸಿಸೇರಿಯನ್ ಆಗಿ ಮಗಳು ಹುಟ್ಟಿಯಾಗಿತ್ತು. ಸಮ್ಮತಿಪತ್ರಕ್ಕೆ ಮಾವನವರು ಸಹಿ ಹಾಕಿದ್ದರು. ಗದಗಿನ ರಾತ್ರಿ ಬಸ್ಸುಗಳು ಹೊರಟುಹೋಗಿದ್ದರಿಂದ ಬೆಳಗಿನ ಮೊದಲ ಬಸ್ಸು ಹತ್ತಿದೆ.

ರಜೆ ಮುಂದುವರಿಸಲು ಫೋನ್ ಮಾಡಿದಾಗ ಎಚ್‌ಆರ್ ವಿಭಾಗದವರು ಕೇಳಿದ್ದು ಹೀಗೆ: "ಹೆರಿಗೆ ಆಗಿರೋದು ನಿಮ್ಮ ಮಿಸೆಸ್‌ಗೆ ತಾನೇ? ಅವರು ಅಮ್ಮನ ಮನೇಲಿದ್ದಾರೆ ಅಂತೀರ. ಮತ್ತೆ ನಿಮಗ್ಯಾಕೆ ಇಷ್ಟು ದಿನ?" ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿರುವ ಫಾರಂನಲ್ಲಿ ಸಿಎಲ್ (ಸಾಂದರ್ಭಿಕ ರಜೆ) ಇದೆ, ಇಎಲ್ (ಗಳಿಕೆ ರಜೆ) ಇದೆ, ಕಾರ್ಮಿಕರ ವಿಮೆಯಾದ ಇಎಸ್‌ಐ ರಜೆ ಇದೆ. ಅಪ್ಪನಾದದ್ದಕ್ಕೆ ಕಾಲಂ ಇಲ್ಲ. ಇದ್ದ ರಜೆ ಮುಗಿದ ಮೇಲಿನ ದಿನಗಳಿಗೆಲ್ಲ ಸಂಬಳ ಕಡಿತ, ಜೊತೆಗೆ ಆ ತಿಂಗಳ ಅಟೆಂಡೆನ್ಸ್ ಬೋನಸ್ ಖೋತಾ. ಆಸ್ಪತ್ರೆಯ ಬಿಲ್ ಕಟ್ಟುವ ತಿಂಗಳಲ್ಲೇ ಸಂಬಳ ಕಡಿಮೆ ಬರುವುದೆಂದರೆ ಏನೆಂದು ತಿಂಗಳ ಸಂಬಳ ನಂಬಿದವರಿಗೆಲ್ಲ ಗೊತ್ತು.

ನನ್ನದಾದರೂ ಪರ್ಮನೆಂಟ್ ನೌಕರಿ. ನಮ್ಮ ಲೈನಿನಲ್ಲೇ ಗುತ್ತಿಗೆ ಮೇಲೆ ದುಡಿಯುವ ಒಡಿಶಾದ ಹುಡುಗನೊಬ್ಬನಿದ್ದಾನೆ. ಅವನ ಮಗ ಹುಟ್ಟಿದ ಸುದ್ದಿ ಬಂದ ದಿನ ಎಲ್ಲರಿಗೂ ಪೇಡೆ ಹಂಚಿದ. ಊರಿಗೆ ಹೊರಡಲಿಲ್ಲ. ಹೋದರೆ ಕಂಟ್ರಾಕ್ಟರ್ ಆ ಜಾಗಕ್ಕೆ ಮರುದಿನವೇ ಇನ್ನೊಬ್ಬನನ್ನು ತಂದು ನಿಲ್ಲಿಸುತ್ತಾನೆಂಬುದು ಅವನಿಗೂ ಗೊತ್ತು, ನಮಗೂ ಗೊತ್ತು. ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ಓಡಿಹೋಗಿ ಮೊಬೈಲ್ ತೆಗೆದುಕೊಂಡು, ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತು ವಿಡಿಯೊ ಕಾಲ್‌ನಲ್ಲಿ ಮಗುವಿಗೆ ಒಡಿಯಾದಲ್ಲಿ ಏನೋ ಹಾಡುತ್ತಿದ್ದ. ನೆಟ್‌ವರ್ಕ್ ಕೈಕೊಟ್ಟಾಗ ಅತ್ತ ಕಡೆಯ ಚಿತ್ರ ನಿಂತುಬಿಡುತ್ತಿತ್ತು. ಇವನು ಹಾಡು ನಿಲ್ಲಿಸುತ್ತಿರಲಿಲ್ಲ. ಅವನು ಮಗನನ್ನು ಕೈಯಲ್ಲಿ ಎತ್ತಿಕೊಳ್ಳುವ ಹೊತ್ತಿಗೆ ಆ ಮಗು ಆಗಲೇ ಕೂತು ಆಡುತ್ತಿತ್ತಂತೆ.

ಬರೀ ಕಾನೂನನ್ನು ದೂರಿದರೆ ಸಾಲದು, ನಮ್ಮ ಸಮಾಜದ ಪದ್ಧತಿಯನ್ನೂ ಹೇಳಬೇಕು. ನಮ್ಮ ಕಡೆ ಮೊದಲ ಹೆರಿಗೆ ತವರಿನಲ್ಲಿ. ಏಳರಲ್ಲೋ ಒಂಬತ್ತರಲ್ಲೋ ಸೀಮಂತ ಮಾಡಿ ಮಗಳನ್ನು ಕರೆದೊಯ್ಯುತ್ತಾರೆ. ಹೆರಿಗೆಯಾದ ಮೇಲೆ ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಅಂಟಿನುಂಡಿ, ಕಿವಿಗೆ ಗಾಳಿ ತಾಗದಂತೆ ಸ್ಕಾರ್ಫು, ಮಗುವಿಗೆ ಕುಲಾಯಿ. ಈ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಹೆತ್ತವಳಿಗೆ ವಿಶ್ರಾಂತಿ ಸಿಗಲಿ, ಅತ್ತೆ ಮನೆಯ ಕೆಲಸದಿಂದ ಬಿಡುಗಡೆ ಸಿಗಲಿ ಎಂದು ಹಿರಿಯ ಹೆಣ್ಣುಮಕ್ಕಳು ಕಟ್ಟಿಕೊಂಡ ರಕ್ಷಣೆ ಅದು. ಆದರೆ ಆ ಏರ್ಪಾಟಿನಲ್ಲಿ ಅಪ್ಪ ನೆಂಟ. ಹೆರಿಗೆಯಾದಾಗ ಬಂದು ನೋಡಿ ಹೋಗಬೇಕು, ತೊಟ್ಟಿಲಿಗೆ ಹಾಕುವ ದಿನ ಬಂದು ಹೊಸ ಬಟ್ಟೆ ಹಾಕಿಕೊಂಡು ಕೂರಬೇಕು, ಮರುದಿನ ಬಸ್ಸು ಹತ್ತಬೇಕು. ಬಾಣಂತಿ ಕೋಣೆಯ ಹೊಸ್ತಿಲು ದಾಟಿ ಒಳಗೆ ಸ್ವಲ್ಪ ಹೊತ್ತು ಹೆಚ್ಚಾಗಿ ಕೂತರೂ ಓಣಿಯ ಹೆಂಗಸರು ನಗುತ್ತಾರೆ. ನಾನು ರಾತ್ರಿ ಮಗುವನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಿದ್ದಾಗ ನಮ್ಮ ಅತ್ತೆಯವರು ಸಂಕೋಚಪಟ್ಟು, "ನೀವ್ಯಾಕ ನಿದ್ದಿ ಕೆಡಸ್ಕೋತೀರಿ ಅಳಿಯಂದ್ರ, ನಾವ ಅದೇವಲ್ರೀ, ಇಲ್ಲಿ ಕೊಡ್ರಿ ಕೂಸಿನ್ನ" ಎನ್ನುತ್ತಿದ್ದರು. ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಕೂಸು ನನ್ನದೂ ಹೌದಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದ್ದು ಆಗಲೇ. ನಮ್ಮ ಭಾಗದ ಗಂಡಸರು ಹಾಡುವವರು. ಶ್ರಾವಣ ಬಂದರೆ ಗುಡಿಯಲ್ಲಿ ಪೇಟಿ, ತಾಳ, ದಮಡಿ ಹಿಡಿದು ಬೆಳಗಿನ ತನಕ ತತ್ವಪದ ಹಾಡುತ್ತಾರೆ. ಹೊಲದಲ್ಲಿ ಹಂತಿ ಹಾಡುತ್ತಿದ್ದವರೂ ಗಂಡಸರೇ. ಇಷ್ಟೆಲ್ಲ ಹಾಡುವ ಗಂಡಸು ತನ್ನ ಮನೆಯ ತೊಟ್ಟಿಲ ಮುಂದೆ ಮಾತ್ರ ಬಾಯಿ ತೆರೆಯುವುದಿಲ್ಲ. ಜೋಗುಳ ಹೆಂಗಸರದು ಎಂದು ಬಿಟ್ಟುಬಿಟ್ಟಿದ್ದೇವೆ. ನಮ್ಮ ತ್ರಿಪದಿಗಳಲ್ಲಿ ತಾಯಿ ಹಾಡುತ್ತಾಳೆ, ಅಜ್ಜಿ ಹಾಡುತ್ತಾಳೆ, ಸೋದರತ್ತೆ ಬಂದು ಹೆಸರಿಡುತ್ತಾಳೆ. ಅಪ್ಪ ತೊಟ್ಟಿಲು ತೂಗುತ್ತ ಕೂತ ಪದವನ್ನು ನಾನು ಕೇಳಿಲ್ಲ. ನಮ್ಮ ಮಾವನವರು ಮೂವತ್ತು ವರ್ಷದಿಂದ ಊರ ಮೇಳದ ಮುಂದಾಳು. ಅವರ ದನಿ ಎತ್ತರಕ್ಕೆ ಹೋದರೆ ಮೈಕ್ ಬೇಕಾಗುವುದಿಲ್ಲ. ನಿಮ್ಮ ಮಕ್ಕಳಿಗೆ ಯಾವ ಪದ ಹಾಡುತ್ತಿದ್ದಿರಿ ಎಂದು ಅವರನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಮಕ್ಕಳಿಗೆ ಅಂತ ಹಾಡಿಲ್ಲಪಾ, ಹೊತ್ತರ ಎಲ್ಲಿತ್ತು" ಎಂದರು.

ಮಗಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುಮಾಡಿ ತಾಸುಗಟ್ಟಲೆ ಅಳುತ್ತಿದ್ದಳು. ಅಜ್ಜಿ ದೃಷ್ಟಿ ತೆಗೆದರು, ಬಜೆ ತೇಯ್ದರು. ಡಾಕ್ಟರು ಪರೀಕ್ಷೆ ಮಾಡಿ, ಈ ವಯಸ್ಸಿನ ಮಕ್ಕಳು ಹೀಗೆ ಅಳುವುದುಂಟು, ತೂಕ ಸರಿಯಾಗಿ ಏರುತ್ತಿದೆ, ಹೆದರಬೇಡಿ ಎಂದರು. ಹೆಂಡತಿಗೆ ಹೊಲಿಗೆಯ ನೋವು, ಎತ್ತಿಕೊಂಡು ಓಡಾಡುವ ಹಾಗಿರಲಿಲ್ಲ. ನಾನು ಕೂಸನ್ನು ಎದೆಗೆ ಒರಗಿಸಿಕೊಂಡು, ಬಾಯಿ ಮುಚ್ಚಿ, ತಗ್ಗಿನ ಮಂದ್ರದಲ್ಲಿ ಷಡ್ಜ, ಅಂದರೆ 'ಸ' ಸ್ವರ ಹಿಡಿದು ನಿಂತೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಅಳು ತುಂಡು ತುಂಡಾಯಿತು. ಬನಿಯನ್ನನ್ನು ಗಟ್ಟಿಯಾಗಿ ಹಿಡಿದಿದ್ದ ಬೆರಳು ಸಡಿಲವಾದವು. ಉಸಿರಿಗೆಂದು ನಿಲ್ಲಿಸಿದರೆ ಮತ್ತೆ ಮುಖ ಸಿಂಡರಿಸುತ್ತಿದ್ದಳು. ಆದ್ದರಿಂದ ಸ್ವರ ಕಡಿಯದ ಹಾಗೆ ಮೂಗಿನಲ್ಲಿ ಸಣ್ಣಗೆ ಉಸಿರೆಳೆದುಕೊಳ್ಳುವುದನ್ನು ಕಲಿತೆ. ನಂತರದ ರಾತ್ರಿಗಳಲ್ಲಿ ಷಡ್ಜದಿಂದ ಮೆಲ್ಲಗೆ ಭೂಪ ರಾಗದ ಐದು ಸ್ವರಗಳಿಗೆ ಹೋಗಿ ಬರತೊಡಗಿದೆ. ಪದವಿಲ್ಲ, ತಾಳವಿಲ್ಲ. ಎದೆಗೂಡಿನ ಕಂಪನ ಅವಳ ಕೆನ್ನೆಗೆ ತಾಗುತ್ತಿತ್ತು ಎಂದು ನನ್ನ ಊಹೆ. ಜೀವಮಾನವಿಡೀ ಸಂಗೀತ ಕೇಳಿದ್ದೇನೆ ಸ್ವಾಮಿ, ಅದರಿಂದ ಇನ್ನೊಂದು ಜೀವಕ್ಕೆ ಇಷ್ಟು ನೇರವಾಗಿ ಉಪಯೋಗವಾದದ್ದನ್ನು ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ರಜೆ ಮುಗಿಯಿತು.

ಇದನ್ನು ಒಬ್ಬ ತಂದೆಯ ಭಾವುಕತೆ ಎಂದು ತಾವು ಬದಿಗಿಡಬಾರದು ಎಂಬ ಕಾರಣಕ್ಕೆ ಒಂದು ಸಂಶೋಧನೆಯನ್ನು ಹೇಳುತ್ತೇನೆ. 1980ರಲ್ಲಿ ಅಮೆರಿಕದ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬ ವಿಜ್ಞಾನಿಗಳು ಹುಟ್ಟಿ 3 ದಿನವೂ ಆಗದ ಶಿಶುಗಳ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟರು. ಒಂದು ರೀತಿ ಚೀಪಿದರೆ ತಾಯಿಯ ದನಿ, ಇನ್ನೊಂದು ರೀತಿ ಚೀಪಿದರೆ ಬೇರೊಬ್ಬ ಹೆಂಗಸಿನ ದನಿ ಕೇಳುವ ಏರ್ಪಾಟು. ಶಿಶುಗಳು ತಮ್ಮ ತಾಯಿಯ ದನಿ ಬರುವ ಹಾಗೆ ಚೀಪಿದವು. 1984ರಲ್ಲಿ ಡಿಕ್ಯಾಸ್ಪರ್ ಇನ್ನೊಬ್ಬರ ಜೊತೆ ಸೇರಿ ಅಪ್ಪಂದಿರ ದನಿಯನ್ನು ಪರೀಕ್ಷಿಸಿದರು. ಶಿಶುಗಳು ಗಂಡು ದನಿಗಳ ನಡುವಿನ ವ್ಯತ್ಯಾಸ ಗುರುತಿಸಬಲ್ಲವು, ಆದರೆ ಅಪ್ಪನ ದನಿಯೇ ಬೇಕೆಂಬ ಒಲವು ಅವುಗಳಲ್ಲಿ ಕಾಣಲಿಲ್ಲ. ತಾಯಿಯ ಮಾತು ಅವಳ ಮೈಯೊಳಗಿಂದಲೇ ತಿಂಗಳುಗಟ್ಟಲೆ ಮಗುವಿಗೆ ಮುಟ್ಟಿರುತ್ತದೆ. ಅಪ್ಪನಿಗೆ ಆ ಅನುಕೂಲವಿಲ್ಲ. ಅವನ ದನಿಯ ಪರಿಚಯ ಬಹುಪಾಲು ಹುಟ್ಟಿದ ಮೇಲೆಯೇ ಆಗಬೇಕು, ದಿನವೂ ಹತ್ತಿರವಿದ್ದು ಆಗಬೇಕು. ಆ ದಿನಗಳಲ್ಲೇ ನಮ್ಮನ್ನು ನಾನೂರು ಕಿಲೋಮೀಟರ್ ಆಚೆ ಯಂತ್ರದ ಮುಂದೆ ನಿಲ್ಲಿಸುತ್ತೀರಿ.

ಅಪ್ಪ ಹತ್ತಿರವಿದ್ದರೆ ಮೊದಲು ಅನುಕೂಲವಾಗುವುದು ತಾಯಿಗೆ. ನಾನು ಬೆಂಗಳೂರಿಗೆ ಮರಳಿದ ಕೆಲವು ದಿನಕ್ಕೆ ಹೆಂಡತಿ ರಾತ್ರಿ ಸುಮ್ಮಸುಮ್ಮನೆ ಅಳತೊಡಗಿದಳು. ಮನೆಯವರು ಬಾಣಂತಿ ಸನ್ನಿಯ ಹೆದರಿಕೆಯಲ್ಲಿ ಯಾರಿಗೂ ಹೇಳದೆ ಮುಚ್ಚಿಟ್ಟರು. ನನಗೆ ಗೊತ್ತಾದದ್ದು ಫೋನಿನಲ್ಲಿ ಅವಳ ದನಿ ಕೇಳಿ. ದೇವರ ದಯೆ, ಅದು ಹೆಚ್ಚು ದಿನ ಉಳಿಯಲಿಲ್ಲ. ಎಲ್ಲರಿಗೂ ಹಾಗೆ ತಾನಾಗಿ ವಾಸಿಯಾಗುವುದಿಲ್ಲ. ಬಾಣಂತಿಯರ ಮನಸ್ಸಿನ ತೊಂದರೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡಿಸುತ್ತಾರೆ. ಆದರೆ ಹೆಂಡತಿ ಎಂದಿನ ಹಾಗಿಲ್ಲ ಎಂದು ಬೇಗ ಗುರುತಿಸಬೇಕಾದವರಲ್ಲಿ ಗಂಡನೂ ಒಬ್ಬ. ಅವನು ದೂರವಿದ್ದರೆ ಆ ಗುರುತೂ ತಡವಾಗುತ್ತದೆ.

ನಿಜವಾದ ಕಷ್ಟ ಶುರುವಾಗುವುದು ತವರಿನಿಂದ ಮರಳಿದ ಮೇಲೆ. ಅಲ್ಲಿ ಮಗುವಿಗೆ ನೀರು ಹಾಕಲು ಅಜ್ಜಿ, ಎತ್ತಿಕೊಳ್ಳಲು ಚಿಕ್ಕಮ್ಮ, ತೊಟ್ಟಿಲು ತೂಗಲು ಓಣಿಯ ಹುಡುಗಿಯರು ಇದ್ದರು. ಇಲ್ಲಿ ದಾಸರಹಳ್ಳಿಯ ಒಂದು ರೂಮು, ಒಂದು ಅಡುಗೆಮನೆ. ಗಂಡ ರಾತ್ರಿ ಪಾಳಿ. ಹಗಲು ಅವನು ಮಲಗಬೇಕು, ಆದ್ದರಿಂದ ಮಗು ಅಳಬಾರದು. ರಾತ್ರಿ ಮಗು ಎದ್ದರೆ ಅವಳೊಬ್ಬಳೇ. ಆ ವಾರಗಳಲ್ಲಿ ನನ್ನ ಹೆಂಡತಿ ಬಿಸಿ ಊಟ ಮಾಡಿದ್ದನ್ನು ನಾನು ನೋಡಿಲ್ಲ. ಇನ್ನು ತವರೇ ಇಲ್ಲದವರು, ತವರಿನ ತಾಯಿಯೂ ಕೂಲಿಗೆ ಹೋಗುವವರು, ಮನೆಯವರ ಮಾತು ಮೀರಿ ಮದುವೆಯಾದವರು ಎಷ್ಟು ಜನ ಈ ನಗರದ ವಠಾರಗಳಲ್ಲಿದ್ದಾರೆ! ಅವರ ಬಾಣಂತನ ಮಾಡುವವರು ಯಾರು? ಗಂಡನೇ ಮಾಡಬೇಕು, ಗಂಡನಿಗೆ ರಜೆಯಿಲ್ಲ.

ಕೇಂದ್ರದ ಅಂಕಿಅಂಶ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಅದು ಹೇಳಿತು. ಗಂಡಸರು ಸೋಮಾರಿಗಳು ಎಂದು ಬೈದು ಮುಗಿಸಿಬಿಡಬಹುದು. ಆದರೆ ಮಗುವನ್ನು ನೋಡಿಕೊಳ್ಳುವುದು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಕುತ್ತಿಗೆಗೆ ಕೈ ಹೇಗೆ ಕೊಡಬೇಕು, ಹಾಲು ಕುಡಿದ ಮೇಲೆ ತೇಗು ಬರಿಸಲು ಬೆನ್ನು ಹೇಗೆ ಸವರಬೇಕು, ಯಾವ ಅಳು ಹಸಿವಿನದು, ಯಾವ ಅಳು ನಿದ್ದೆಯದು, ಇದೆಲ್ಲ ಮೊದಲ ವಾರಗಳಲ್ಲಿ ಮಾಡಿ ಮಾಡಿ ಕೈಗೆ ಹತ್ತುವ ವಿದ್ಯೆ. ಸಂಗೀತದಲ್ಲಿ ರಿಯಾಜ್ ಅನ್ನುವುದು ಇದನ್ನೇ. ತಾಯಿಗೆ ಆ ರಿಯಾಜ್ ಅನಿವಾರ್ಯವಾಗಿ ಆಗುತ್ತದೆ, ಅಪ್ಪನಿಗೆ ತಪ್ಪಿಹೋಗುತ್ತದೆ. ಆಮೇಲೆ ಹತ್ತು ವರ್ಷ ಕಳೆದರೂ "ನನಗೆ ಅದೆಲ್ಲ ಬರಲ್ಲ, ಅವಳೇ ನೋಡ್ಕೋತಾಳೆ" ಎಂಬ ಮಾತು ಹೋಗುವುದಿಲ್ಲ.

ಗಂಡಸು ಮಕ್ಕಳನ್ನು ಸಾಕುವುದು ನಮ್ಮ ಮಣ್ಣಿಗೆ ಹೊಸತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ತಾವೇ ಕಣ್ಣಿಲ್ಲದವರಾಗಿದ್ದೂ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕರೆದು ಅನ್ನವಿಟ್ಟು, ಸ್ವರ ಕಲಿಸಿ, ಬದುಕುವ ದಾರಿ ತೋರಿಸಿದರು. ಸಂಸಾರವಿಲ್ಲದ ಸನ್ಯಾಸಿಗಳು ಊರವರ ಮಕ್ಕಳಿಗೆ ಅಪ್ಪ ಅವ್ವ ಎರಡೂ ಆದ ನಾಡು ಇದು. ಸಂಸಾರಿಯಾದ ನಾನು ನನ್ನ ಮಗುವಿಗೆ ಹದಿನೈದು ದಿನ ಅಪ್ಪನಾಗಿರುತ್ತೇನೆ ಎಂದರೆ ಅದು ಯಾವ ಪದ್ಧತಿಗೆ ವಿರುದ್ಧ?

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ರಜೆ ಕೊಟ್ಟರೆ ಗಂಡಸರು ಮಗು ನೋಡಿಕೊಳ್ಳುತ್ತಾರಾ, ಗೆಳೆಯರ ಜೊತೆ ತಿರುಗಾಡುತ್ತಾರೆ ಎನ್ನುತ್ತಾರೆ. ಕೆಲವರು ತಿರುಗಾಡಬಹುದು. ಹಬ್ಬದ ರಜೆ ಕೊಡುವಾಗ ಎಲ್ಲರೂ ಪೂಜೆ ಮಾಡುತ್ತಾರೆಯೇ ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ.

ಸಣ್ಣ ಕೈಗಾರಿಕೆಗೆ ಹೊರೆಯಾಗುತ್ತದೆ ಎಂಬುದು ಗಂಭೀರವಾದ ಮಾತು, ಅದಕ್ಕೆ ಸರಿಯಾದ ಉತ್ತರ ಬೇಕು. ಪೀಣ್ಯದಲ್ಲಿ ಹತ್ತು ಹದಿನೈದು ಜನರನ್ನು ಇಟ್ಟುಕೊಂಡು, ಬ್ಯಾಂಕ್ ಸಾಲದಲ್ಲಿ ಯಂತ್ರ ಓಡಿಸುವ ಮಾಲೀಕರನ್ನು ನಾನು ಹತ್ತಿರದಿಂದ ಬಲ್ಲೆ. ಅವರ ಮೇಲೆ ಪೂರ್ತಿ ಭಾರ ಹಾಕುವುದು ನ್ಯಾಯವಲ್ಲ. ಇಎಸ್‌ಐ ವ್ಯಾಪ್ತಿಯಲ್ಲಿರುವ ಹೆಣ್ಣುಮಕ್ಕಳ ಹೆರಿಗೆ ರಜೆಯ ಸಂಬಳವನ್ನು ಮಾಲೀಕ ಕೊಡುವುದಿಲ್ಲ, ಇಎಸ್‌ಐ ನಿಗಮ ಕೊಡುತ್ತದೆ. ತಿಂಗಳಿಗೆ 21,000 ರೂಪಾಯಿ ತನಕ ಸಂಬಳವಿರುವ ನಮ್ಮಂಥವರಿಂದ ಶೇ 0.75, ಮಾಲೀಕರಿಂದ ಶೇ 3.25 ವಂತಿಗೆ ತಿಂಗಳು ತಿಂಗಳು ಅದಕ್ಕೆ ಹೋಗುತ್ತಿದೆ. ಗಂಡಸಿನ ದುಡ್ಡೂ ಅದರಲ್ಲಿದೆ. ಅದರಿಂದಲೇ ಅಪ್ಪನ ಹದಿನೈದು ದಿನದ ಕೂಲಿ ಕೊಡುವ ವ್ಯವಸ್ಥೆ ಮಾಡಿದರೆ ಸಣ್ಣ ಮಾಲೀಕನಿಗೂ ಉಸಿರಾಡಲು ಜಾಗ ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಇಂದು ಮದುವೆಯಾದ ಹುಡುಗಿ ಕೆಲಸ ಕೇಳಿ ಬಂದರೆ, ನಾಳೆ ಇವಳು ಆರು ತಿಂಗಳು ರಜೆ ಹೋಗುತ್ತಾಳೆ ಎಂದು ಹಿಂಜರಿಯುವವರಿದ್ದಾರೆ. ಮಗು ಹುಟ್ಟಿದರೆ ಗಂಡಸೂ ರಜೆ ಹೋಗುತ್ತಾನೆ ಎಂಬುದು ರೂಢಿಯಾದಷ್ಟೂ ಹೆಣ್ಣುಮಕ್ಕಳ ಮೇಲಿನ ಈ ಅನುಮಾನ ತಗ್ಗುತ್ತದೆ.

ಇದು ಕೇಂದ್ರದ ಕೆಲಸ, ರಾಜ್ಯದ ಕೈಯಲ್ಲಿಲ್ಲ ಎಂಬ ಉತ್ತರ ಮಾತ್ರ ದಯವಿಟ್ಟು ಬೇಡ. ಕಾರ್ಮಿಕ ಕಲ್ಯಾಣ ಮತ್ತು ಹೆರಿಗೆ ಸೌಲಭ್ಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ, ಅಂದರೆ ಕೇಂದ್ರ ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿವೆ, 24ನೇ ನಮೂದಿನಲ್ಲೇ ಇವೆ. 2025ರಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ನಮ್ಮ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಖಾಸಗಿ ವಲಯವನ್ನೂ ಅದರಲ್ಲಿ ಸೇರಿಸಿತು. ಅದೇ ವರ್ಷ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗೆ ಸಾಮಾಜಿಕ ಭದ್ರತೆಯ ಕಾನೂನು ತಂದಿತು. ಬೇರೆಯವರು ಮಾಡಲಿ ಎಂದು ಕಾಯದೆ ಕರ್ನಾಟಕ ಮುಂದೆ ಹೋದಾಗ ನಾವು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೆಮ್ಮೆಪಟ್ಟಿದ್ದೇವೆ. ಆ ಧೈರ್ಯವನ್ನೇ ಈಗಲೂ ಕೇಳುತ್ತಿದ್ದೇನೆ. ಸ್ವೀಡನ್ 1974ರಲ್ಲೇ ಅಪ್ಪ ಅವ್ವ ಇಬ್ಬರೂ ಹಂಚಿಕೊಳ್ಳಬಹುದಾದ ರಜೆ ತಂದಿತು; ಇಂದು ಅಲ್ಲಿ ತಂದೆಗೆಂದೇ ಮೀಸಲಾದ 90 ದಿನಗಳಿವೆ. ನಾನು ಅಷ್ಟು ಕೇಳುತ್ತಿಲ್ಲ. ತಮ್ಮ ಸರ್ಕಾರ ತನ್ನ ನೌಕರರಿಗೆ ಕೊಡುವ 15 ದಿನವನ್ನೇ ನಮಗೂ ಕೊಡಿ ಎನ್ನುತ್ತಿದ್ದೇನೆ.

ಆ ಹದಿನೈದು ದಿನ ನಮ್ಮ ಜನ ಬದುಕುವ ರೀತಿಗೆ ಹೊಂದುವಂತಿರಲಿ ಎಂಬುದು ನನ್ನ ವಿಶೇಷ ಮನವಿ. ಕೇಂದ್ರ ನೌಕರರ ನಿಯಮದಲ್ಲಿ ಹೆರಿಗೆಯಾದ ಆರು ತಿಂಗಳೊಳಗೆ ರಜೆ ತೆಗೆದುಕೊಳ್ಳಬೇಕು. ನಮ್ಮಲ್ಲಿ ಅಪ್ಪ ಎರಡು ಸಲ ಬೇಕಾಗುತ್ತಾನೆ: ಹೆರಿಗೆಯ ಹೊತ್ತಿಗೆ ಒಮ್ಮೆ, ಹೆಂಡತಿ ಮಗು ತವರಿನಿಂದ ಮರಳಿದಾಗ ಇನ್ನೊಮ್ಮೆ. ಐದನೆಯ ತಿಂಗಳು ಮುಗಿಸಿಕೊಂಡು ಬರುವವರಿಗೆ ಆರು ತಿಂಗಳ ಗಡುವು ಸಾಲುವುದಿಲ್ಲ. ಆದ್ದರಿಂದ ಒಂದು ವರ್ಷದೊಳಗೆ, ಎರಡು ಮೂರು ಕಂತಿನಲ್ಲಿ ತೆಗೆದುಕೊಳ್ಳಲು ಅವಕಾಶವಿರಲಿ. ಮಗುವನ್ನು ದತ್ತು ತೆಗೆದುಕೊಂಡ ಅಪ್ಪನಿಗೂ ಇದು ಸಿಗಲಿ. ಈ ರಜೆ ಹಾಕಿದ್ದಕ್ಕೆ ಅಟೆಂಡೆನ್ಸ್ ಬೋನಸ್ ಹಿಡಿಯಬಾರದು, ಗುತ್ತಿಗೆ ಕಾರ್ಮಿಕನ ಜಾಗಕ್ಕೆ ಬೇರೆಯವರನ್ನು ತಂದು ಅವನನ್ನು ಕೈಬಿಡಬಾರದು ಎಂಬುದು ಬರಹದಲ್ಲಿರಲಿ. ಇಲ್ಲದಿದ್ದರೆ ಆ ಒಡಿಶಾದ ಹುಡುಗನಂಥವರಿಗೆ ಕಾನೂನು ಇದ್ದೂ ಇಲ್ಲದಂತೆ. ಮಗು ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ಅಪ್ಪ ಕೇಳಿದರೆ ರಾತ್ರಿ ಪಾಳಿಯಿಂದ ಬಿಡುವು ಕೊಡಬೇಕು. ಹೆರಿಗೆಯ ದಿನ ಹತ್ತಿರವಿದ್ದಾಗ ಗೇಟಿಗೆ ಬಂದ ಕರೆಯನ್ನು ಶಾಪ್ ಫ್ಲೋರಿಗೆ ತಲುಪಿಸುವ ಹೊಣೆ ಆಡಳಿತ ಮಂಡಳಿಯದಾಗಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇಎಸ್‌ಐ ವಿಷಯದಲ್ಲಿ ಕೇಂದ್ರಕ್ಕೆ ರಾಜ್ಯದ ಪರವಾಗಿ ತಾವು ಪತ್ರ ಬರೆಯಬೇಕು. ಅದಕ್ಕೆ ಉತ್ತರ ಬರುವ ತನಕ ಕಾಯದೆ ಕಟ್ಟಡ ಕಾರ್ಮಿಕರಿಗೆ, ಗಿಗ್ ಕಾರ್ಮಿಕರಿಗೆ ತಮ್ಮ ಇಲಾಖೆಯ ಕಲ್ಯಾಣ ಮಂಡಳಿಗಳಿಂದಲೇ ಶುರುಮಾಡಬಹುದು. ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಓಡುವ ಹುಡುಗ ಒಂದು ದಿನ ಲಾಗಿನ್ ಆಗದಿದ್ದರೆ ಅಂದಿನ ಸಂಪಾದನೆ ಸೊನ್ನೆ. ಅವನಿಗೂ ಮಗು ಹುಟ್ಟುತ್ತದೆ.

ಕಾರ್ಮಿಕ ಸಂಘಟನೆಗಳ ನಾಯಕರಿಗೂ ಒಂದು ಮಾತು. ಪ್ರತಿ ಒಪ್ಪಂದದ ಹೊತ್ತಿಗೂ ಬೇಡಿಕೆ ಪಟ್ಟಿ ಬರೆಯುತ್ತೇವೆ. ಡಿಎ ಇರುತ್ತದೆ, ಬೋನಸ್ ಇರುತ್ತದೆ, ಕ್ಯಾಂಟೀನಿನ ಇಡ್ಲಿಯ ಗಾತ್ರವೂ ಇರುತ್ತದೆ. ನಮ್ಮ ಯೂನಿಯನ್ನಿನ ಪಟ್ಟಿಯಲ್ಲಿ ಪಿತೃತ್ವ ರಜೆಯನ್ನು ನಾನು ಇದುವರೆಗೆ ನೋಡಿಲ್ಲ. ಸಭೆಯಲ್ಲಿ ನಾನು ಎದ್ದು ಕೇಳಿದಾಗ ಹಿರಿಯರೊಬ್ಬರು, "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವೇನು ಮಕ್ಕಳನ್ನ ಬೆಳೆಸ್ಲಿಲ್ವಾ?" ಎಂದರು. ಬೆಳೆಸಿದ್ದೀರಿ ಸಾರ್. ಬೆಳೆಸಿದವರು ಮನೆಯಲ್ಲಿದ್ದ ಹೆಣ್ಣುಮಕ್ಕಳು, ಅವರಿಗೆ ಒಂದು ಕೈ ಸಹಾಯ ಸಿಗಲಿ ಎಂದೇ ಈ ಬೇಡಿಕೆ. ಎಂಟು ಗಂಟೆಯ ಕೆಲಸವೂ ಒಂದು ಕಾಲದಲ್ಲಿ ಇರಲಿಲ್ಲ.

ಮಾನ್ಯ ಸಚಿವರೆ, ಈ ವಿಷಯವನ್ನು ಮಾಲೀಕರು, ಕಾರ್ಮಿಕರು, ಸರ್ಕಾರ ಮೂವರೂ ಕೂರುವ ತ್ರಿಪಕ್ಷೀಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸಭೆಗೆ ಕರೆದರೆ ನಾನು ಬರುತ್ತೇನೆ. ನನ್ನ ಜೊತೆ ನಮ್ಮ ಶಿಫ್ಟಿನ ಇನ್ನೂ ಕೆಲವು ಅಪ್ಪಂದಿರು ಬರಲು ಒಪ್ಪಿದ್ದಾರೆ. ಅವರವರು ಕಂಡದ್ದನ್ನು ಅವರೇ ಹೇಳುತ್ತಾರೆ. ಸಾಧ್ಯವಾದರೆ ಸಭೆಯನ್ನು ಭಾನುವಾರ ಇಡಿ. ವಾರದ ದಿನವಾದರೆ ನಮಗೆ ಸಂಬಳ ಕಡಿತವಾಗುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಕಾರ್ಮಿಕ, ಒಂದು ಹೆಣ್ಣುಮಗುವಿನ ತಂದೆ